ಗಣಿತೋಪಾಧ್ಯಾಯರ ತರಬೇತಿಯಲ್ಲಿ ಆಟವೂ ಪ್ರಯೋಗಶಾಲೆಯೂ

ಬೆಂಗಳೂರಿನ ಉತ್ತರ ಭಾಗದಷ್ಟು ಗಣಿತವಿದ್ಯೆಯ ನೆರವು ಹತ್ತಿರದಲ್ಲಿಯೇ ಉಳ್ಳ ಪ್ರದೇಶ ನಮ್ಮ ನಾಡಿನಲ್ಲಿ ಮತ್ತೊಂದಿರುವುದು ವಿರಳ. ಯಶವಂತಪುರದ ಮಗ್ಗುಲಲ್ಲಿ 1909ರಲ್ಲಿ ಸ್ಥಾಪಿತವಾಗಿ ಜನರ ಬಾಯಲ್ಲಿ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯಿಸಿಕೊಳ್ಳುವ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಹೆಬ್ಬಾಳವನ್ನು ದಾಟಿ ಯಲಹಂಕದ ಕಡೆಗೆ ನಡೆದರೆ ಜಕ್ಕೂರಿನಲ್ಲಿ 1989ರಲ್ಲಿ ಆರಂಭವಾದ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಇನ್ನೂ ಆಚೆಗೆ ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಸೇರಿದ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರವಿದೆ. ಆದರೆ ಈ ಮೂರರ ನಡುವೆ ಹರಡಿಕೊಂಡಿರುವ ಆರ್.ಟಿ. ನಗರ, ಮತ್ತಿಕೆರೆ, ಯಲಹಂಕಗಳ ಶಾಲೆಗಳಲ್ಲಿ ಆರನೆಯ ತರಗತಿಯ ಬಾಲಕನಿಗೆ ಭಿನ್ನರಾಶಿಯ ಭಾಗಾಕಾರವು ಇಂದಿಗೂ ಬಹುಮಟ್ಟಿಗೆ "ಎರಡನೆಯದನ್ನು ತಲೆಕೆಳಗು ಮಾಡಿ ಗುಣಿಸು" ಎಂಬ ಆಜ್ಞೆಯ ರೂಪದಲ್ಲಿಯೇ ದೊರೆಯುತ್ತದೆ. ಏಕೆ ತಲೆಕೆಳಗು ಮಾಡಬೇಕೆಂದು ಆತ ಕೇಳಿದರೆ ಉತ್ತರ ಹೇಳಬೇಕಾದ ಉಪಾಧ್ಯಾಯರಿಗೂ ತಮ್ಮ ವಿದ್ಯಾರ್ಥಿದೆಸೆಯಲ್ಲಿ ಅದನ್ನು ಯಾರೂ ಹೇಳಿರಲಿಲ್ಲ.

ಈ ಕೊರತೆಯನ್ನು ನೀಗಲು ಶಾಲೆಗಳಲ್ಲಿ ಗಣಿತ ಪ್ರಯೋಗಶಾಲೆಗಳನ್ನು ತೆರೆಯಬೇಕೆಂಬ ಮಾತು ಬಹುಕಾಲದಿಂದ ನಡೆದು ಬಂದಿದೆ. ಆದರೆ ಆ ಪ್ರಯೋಗಶಾಲೆ ಮೊದಲು ಯಾರಿಗಾಗಿ ಎಂಬ ಪ್ರಶ್ನೆಯನ್ನು ನಾವು ಸರಿಯಾಗಿ ಕೇಳಿಕೊಂಡಿಲ್ಲವೆಂದು ನನ್ನ ಭಾವನೆ. ಮಕ್ಕಳಿಗಾಗಿಯೆಂದು ಕೊಂಡು ತಂದ ಉಪಕರಣಗಳು ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಧೂಳು ಹಿಡಿಯುತ್ತಿರುವುದಕ್ಕೆ ಉಪಾಧ್ಯಾಯರ ಆಲಸ್ಯವು ಕಾರಣವಲ್ಲ. ಆ ಉಪಕರಣವನ್ನು ಕೈಯಲ್ಲಿ ಹಿಡಿದು, ಅದರೊಡನೆ ಹೆಣಗಿ, ಒಂದು ಗಣಿತತತ್ತ್ವವನ್ನು ತಾವಾಗಿಯೇ ಕಂಡುಕೊಂಡ ಅನುಭವ ಅವರಿಗೆ ಎಂದೂ ಒದಗಿರಲಿಲ್ಲವೆಂಬುದೇ ನಿಜವಾದ ಕಾರಣ. ಆದುದರಿಂದ ಪ್ರಯೋಗಶಾಲೆಯು ಪ್ರಥಮತಃ ಉಪಾಧ್ಯಾಯರ ಸ್ವಂತ ಗಣಿತಜ್ಞಾನಕ್ಕಾಗಿ ಇರತಕ್ಕದ್ದು. ತರಬೇತಿಯಲ್ಲಿ ಅವರು ಪ್ರೇಕ್ಷಕರಾಗಿ ಕುಳಿತು ಸಂಪನ್ಮೂಲ ವ್ಯಕ್ತಿಯ ಪ್ರದರ್ಶನವನ್ನು ನೋಡಿ, ಚಹಾ ಕುಡಿದು, ಹಾಜರಿ ಪತ್ರಕ್ಕೆ ಸಹಿ ಹಾಕಿ ಹೊರಡುವುದರಿಂದ ಪ್ರಯೋಜನವಿಲ್ಲ. ಈ ಲೇಖನದಲ್ಲಿ ಮುಂದೆ ಬರುವ ಸೂಚನೆಗಳೆಲ್ಲವೂ ಈ ಒಂದು ನಂಬಿಕೆಯಿಂದ ಹೊರಟವು. ಕ್ಲಸ್ಟರ್ ಮಟ್ಟದ ಸಂಪನ್ಮೂಲ ವ್ಯಕ್ತಿಗಳು, ಡಿ.ಎಡ್. ಮತ್ತು ಬಿ.ಎಡ್. ಕಾಲೇಜುಗಳ ಅಧ್ಯಾಪಕರು, ಶಾಲೆಯ ಮುಖ್ಯೋಪಾಧ್ಯಾಯರು ಇವನ್ನು ತಮ್ಮ ತಮ್ಮ ಅನುಕೂಲಕ್ಕೆ ತಕ್ಕಂತೆ ಅಳವಡಿಸಿಕೊಳ್ಳಬಹುದು.

ಆಟವನ್ನೂ ಗಣಿತವನ್ನೂ ಒಂದುಗೂಡಿಸುವುದು ನಮಗೆ ಪರಕೀಯವಾದ ಪದ್ಧತಿಯೇನಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ತನ್ನ ಗಣಿತಸಾರಸಂಗ್ರಹದಲ್ಲಿ ಲೆಕ್ಕಗಳನ್ನು ಕಥೆಯ ರೂಪದಲ್ಲಿ ಒಡ್ಡಿದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ರಚಿಸಿ ಗಣಿತವನ್ನು ಜನಭಾಷೆಗೆ ತಂದನು. ಹತ್ತೊಂಬತ್ತನೆಯ ಶತಮಾನದಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಮಾಯಾಚೌಕಗಳಲ್ಲಿಯೂ, ಚದುರಂಗದ 64 ಮನೆಗಳನ್ನು ಕುದುರೆಯು ಒಂದೊಂದು ಸಲ ಮಾತ್ರ ಮುಟ್ಟುತ್ತ ಸುತ್ತಿಬರುವ ಸಮಸ್ಯೆಯಲ್ಲಿಯೂ ಅಪಾರವಾದ ಆಸಕ್ತಿಯನ್ನು ತೋರಿದರು. ಹೊರದೇಶಗಳಲ್ಲಿ ಬೆಲ್ಜಿಯಂನ ಶಾಲಾ ಉಪಾಧ್ಯಾಯ ಜಾರ್ಜ್ ಕ್ವಿಜೆನೇರ್ ತನ್ನ ಬಣ್ಣದ ಕಡ್ಡಿಗಳ ವಿಷಯವನ್ನು 1952ರಲ್ಲಿ ಪ್ರಕಟಿಸಿದನು. ಅವುಗಳನ್ನು ಲೋಕಕ್ಕೆ ಪರಿಚಯಿಸಿದ ಕ್ಯಾಲೆಬ್ ಗಟೆಗ್ನೊ ಮೊಳೆಹಲಗೆಯನ್ನು ರೂಪಿಸಿದನು. ಜೋಲ್ಟಾನ್ ಡೀನ್ಸ್ ಸ್ಥಾನಬೆಲೆಗಾಗಿ ಮರದ ಘನಗಳನ್ನು ಬಳಕೆಗೆ ತಂದನು. ನಮ್ಮ ನೆರೆಯ ಮದರಾಸಿನಲ್ಲಿ ಪಿ.ಕೆ. ಶ್ರೀನಿವಾಸನ್ ಎಂಬ ಶಾಲಾ ಉಪಾಧ್ಯಾಯರು ಜೀವಮಾನವೆಲ್ಲ ಇದೇ ಕೆಲಸದಲ್ಲಿ ತೊಡಗಿ, 1993ರಲ್ಲಿ ರಾಯಪುರಂನಲ್ಲಿ ರಾಮಾನುಜನ್ ಸ್ಮಾರಕ ವಸ್ತುಸಂಗ್ರಹಾಲಯವನ್ನೂ ಗಣಿತಶಿಕ್ಷಣ ಕೇಂದ್ರವನ್ನೂ ಕಟ್ಟಿ ನಿಲ್ಲಿಸಿದರು. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊಳೆತ ನಲಿ-ಕಲಿ ಪದ್ಧತಿಯು ಕೆಳತರಗತಿಗಳ ಕಲಿಕೆಗೆ ಚಟುವಟಿಕೆಯ ಕಾರ್ಡುಗಳನ್ನೂ ಕಲಿಕಾ ಏಣಿಯನ್ನೂ ತಂದಿತು. ಅಕ್ಷರ ಫೌಂಡೇಶನ್ ಸಂಸ್ಥೆಯು ರಾಜ್ಯ ಸರ್ಕಾರದೊಡನೆ ನಡೆಸಿದ ಗಣಿತ ಕಲಿಕಾ ಆಂದೋಲನವು ಮಣಿಚೌಕಟ್ಟು, ದಶಮಾನ ಘನಗಳು, ಭಿನ್ನರಾಶಿಯ ಪಟ್ಟಿಗಳು, ಗಡಿಯಾರ, ಆಟದ ನೋಟುಗಳು ಮುಂತಾದವು ತುಂಬಿದ ಗಣಿತದ ಕಿಟ್ಟನ್ನು ಸರ್ಕಾರಿ ಶಾಲೆಗಳ ನಾಲ್ಕು ಮತ್ತು ಐದನೆಯ ತರಗತಿಗಳಿಗೆ ಮುಟ್ಟಿಸಿತು. ಆದುದರಿಂದ ಸಾಮಗ್ರಿಯಿಲ್ಲವೆಂಬ ನೆವಕ್ಕೆ ಈಗ ಹೆಚ್ಚು ಬೆಲೆಯಿಲ್ಲ.

ತರಬೇತಿಗೆ ಬೇಕಾದ ಕೊಠಡಿಯ ವಿಷಯದಲ್ಲಿ ಹೇಳಬೇಕಾದುದು ಸ್ವಲ್ಪ. ನಾಲ್ವರು ಎದುರುಬದುರಾಗಿ ಕುಳಿತುಕೊಳ್ಳಬಹುದಾದ ಮೇಜುಗಳಿರಲಿ, ಇಲ್ಲವೇ ಜಮಖಾನವಿರಲಿ. ಸಾಲುಸಾಲಾಗಿ ಹಾಕಿದ ಬೆಂಚುಗಳು ಮಾತ್ರ ಬೇಡ, ಏಕೆಂದರೆ ಅಂತಹ ಕೊಠಡಿಯಲ್ಲಿ ಮಾತನಾಡುವವರು ಒಬ್ಬರು, ಕೇಳುವವರು ಉಳಿದವರೆಲ್ಲರೂ ಆಗಿಬಿಡುತ್ತಾರೆ. ಪೊರಕೆಕಡ್ಡಿ, ರಬ್ಬರ್ ಬ್ಯಾಂಡು, ಕವಡೆ, ಹುಣಸೆಬೀಜ, ದಾರ, ಬಳೆ, ಡಬ್ಬಿಗಳ ಮುಚ್ಚಳ, ಹಳೆಯ ಆಮಂತ್ರಣಪತ್ರಿಕೆಗಳ ದಪ್ಪ ಕಾಗದ, ಬಡಗಿಯಿಂದ ಮೊಳೆ ಹೊಡೆಯಿಸಿದ ಒಂದೆರಡು ಹಲಗೆ ಇವಿಷ್ಟಿದ್ದರೆ ಒಂದು ವರ್ಷದ ತರಬೇತಿಯನ್ನು ಸಾಂಗವಾಗಿ ನಡೆಸಬಹುದು. ಬೆಲೆಬಾಳುವ ಪೆಟ್ಟಿಗೆಗಳನ್ನು ಕೊಳ್ಳುವ ಶಕ್ತಿಯುಳ್ಳ ಖಾಸಗಿ ಶಾಲೆಗಳಿಗೂ ನಾನು ಈ ಸರಳ ಸಾಮಗ್ರಿಯನ್ನೇ ಮೊದಲು ಸೂಚಿಸುತ್ತೇನೆ. ತನ್ನ ಕೈಯಿಂದಲೇ ಮಾಡಿದ ವಸ್ತುವನ್ನು ಉಪಾಧ್ಯಾಯನು ತರಗತಿಗೆ ಒಯ್ಯುತ್ತಾನೆ, ಒಡೆದೀತೆಂದು ಹೆದರುವುದಿಲ್ಲ, ಮಕ್ಕಳ ಕೈಗೆ ಕೊಡಲು ಹಿಂದೆಗೆಯುವುದಿಲ್ಲ.

ಇನ್ನು ಕೆಲಸದ ವಿಚಾರ. ಮೊದಲ ದಿನದ ಮೊದಲ ಚಟುವಟಿಕೆಯು ಉಪಾಧ್ಯಾಯರಿಗೆ ಮಗುವಿನ ಕಷ್ಟವನ್ನು ಮನದಟ್ಟು ಮಾಡುವಂತಿರಬೇಕು. ಹತ್ತರ ಎಣಿಕೆಯು ನಮಗೆ ಉಸಿರಾಟದಷ್ಟು ರೂಢಿಯಾಗಿರುವುದರಿಂದ ದಶಕಸಹಿತ ಸಂಕಲನದಲ್ಲಿ ಮಗುವು ಎಲ್ಲಿ ಎಡವುತ್ತದೆಂಬುದು ನಮಗೆ ಕಾಣಿಸುವುದೇ ಇಲ್ಲ. ಆದುದರಿಂದ ಅವರ ಕೈಗೆ ಕಡ್ಡಿಗಳನ್ನು ಕೊಟ್ಟು, ಐದು ಬಿಡಿಗೆ ಒಂದು ಕಟ್ಟು, ಐದು ಕಟ್ಟಿಗೆ ಒಂದು ಮೂಟೆ ಎಂಬ ಹೊಸ ವ್ಯವಸ್ಥೆಯನ್ನು ವಿಧಿಸಿ, ಹತ್ತರ ಲೆಕ್ಕಕ್ಕೆ ಮನಸ್ಸಿನಲ್ಲಿಯೂ ಹಿಂತಿರುಗಕೂಡದೆಂದು ಹೇಳಿ, ಮೂರು ಕಟ್ಟು ನಾಲ್ಕು ಬಿಡಿಗೆ ಎರಡು ಕಟ್ಟು ಮೂರು ಬಿಡಿಯನ್ನು ಕೂಡಿಸಲು ಹೇಳಿರಿ. ಏಳು ಬಿಡಿಗಳಾದವು, ಅವುಗಳಲ್ಲಿ ಐದನ್ನು ಕಟ್ಟಿದರೆ ಒಂದು ಕಟ್ಟು, ಉಳಿದುದು ಎರಡು ಬಿಡಿ, ಕಟ್ಟುಗಳು ಈಗ ಆರು, ಐದನ್ನು ಮೂಟೆ ಮಾಡಿದರೆ ಒಂದು ಮೂಟೆ, ಒಂದು ಕಟ್ಟು, ಎರಡು ಬಿಡಿ. ಬಳಿಕ ಎರಡು ಮೂಟೆ, ಕಟ್ಟಿಲ್ಲ, ಒಂದು ಬಿಡಿ ಇರುವ ರಾಶಿಯಿಂದ ಮೂರು ಕಟ್ಟು ನಾಲ್ಕು ಬಿಡಿಯನ್ನು ಕಳೆಯಲು ಹೇಳಿರಿ. ಇಲ್ಲಿ ಕೊಠಡಿ ನಿಶ್ಶಬ್ದವಾಗುತ್ತದೆ. ಬಿಡಿಗಾಗಿ ಕಟ್ಟನ್ನು ಬಿಚ್ಚಬೇಕು, ಆದರೆ ಕಟ್ಟೇ ಇಲ್ಲ. ಆದುದರಿಂದ ಮೊದಲು ಮೂಟೆಯನ್ನು ಬಿಚ್ಚಿ ಐದು ಕಟ್ಟು ಮಾಡಿ, ಅದರಲ್ಲೊಂದನ್ನು ಬಿಚ್ಚಿ ಐದು ಬಿಡಿ ಮಾಡಿದರೆ, ಒಂದು ಮೂಟೆ ನಾಲ್ಕು ಕಟ್ಟು ಆರು ಬಿಡಿಯಾಗಿ ನಿಂತ ರಾಶಿಯಿಂದ ಕಳೆಯುವುದು ಸುಲಭ. ಉಳಿಯುವುದು ಮತ್ತೆ ಒಂದು ಮೂಟೆ, ಒಂದು ಕಟ್ಟು, ಎರಡು ಬಿಡಿ. ಕಪ್ಪುಹಲಗೆಯ ಮೇಲೆ ಸೊನ್ನೆಯನ್ನು ಹೊಡೆದುಹಾಕಿ ಒಂಬತ್ತೆಂದು ಬರೆಯುವ ನಮ್ಮ ಸಂಪ್ರದಾಯದ ಹಿಂದೆ ಇದ್ದ ಕ್ರಿಯೆ ಇದೇ ಎಂಬುದು, ವರ್ಷಗಟ್ಟಲೆ ಅದನ್ನು ಕಲಿಸಿದವರಿಗೆ ಕೂಡ, ಆ ಕ್ಷಣದಲ್ಲಿ ಕೈಯ ಮೂಲಕ ತಿಳಿಯುತ್ತದೆ.

ಋಣಸಂಖ್ಯೆಗಳ ಪಾಠಕ್ಕೆ ಹುಣಸೆಬೀಜಕ್ಕಿಂತ ಉತ್ತಮವಾದ ಉಪಕರಣವನ್ನು ನಾನು ಕಂಡಿಲ್ಲ. ಬೀಜದ ಒಂದು ಮುಖವನ್ನು ಕಲ್ಲಿಗೆ ತೇದರೆ ಅದು ಬೆಳ್ಳಗಾಗುತ್ತದೆ, ಇನ್ನೊಂದು ಮುಖ ಕಂದಾಗಿಯೇ ಉಳಿಯುತ್ತದೆ. ಬಿಳಿಯ ಮುಖವು ಒಂದು ಧನ, ಕಂದು ಮುಖವು ಒಂದು ಋಣ. ಒಂದು ಬಿಳಿಯೂ ಒಂದು ಕಂದೂ ಜೊತೆಗೂಡಿದರೆ ಸೊನ್ನೆ. ಈಗ ಮೂರರಿಂದ ಋಣ ಎರಡನ್ನು ಕಳೆಯಬೇಕು. ಮೂರು ಬಿಳಿಯನ್ನು ಇಟ್ಟುಕೊಂಡ ಉಪಾಧ್ಯಾಯರು ಎರಡು ಕಂದನ್ನು ತೆಗೆಯಲು ಹೋಗಿ, ತೆಗೆಯಲು ಕಂದೇ ಇಲ್ಲದಿರುವುದನ್ನು ಕಂಡು ನಿಲ್ಲುತ್ತಾರೆ. ಅವರಿಗೆ ದಾರಿಯನ್ನು ತಕ್ಷಣ ಹೇಳಿಬಿಡಬಾರದು. ಯಾರಾದರೊಬ್ಬರು ಸೊನ್ನೆಯ ಜೊತೆಗಳನ್ನು ಎಷ್ಟು ತಂದಿಟ್ಟರೂ ರಾಶಿಯ ಬೆಲೆ ಬದಲಾಗುವುದಿಲ್ಲವೆಂದು ಗಮನಿಸುವವರೆಗೆ ಕಾಯಬೇಕು. ಎರಡು ಜೊತೆಗಳನ್ನು ತಂದಿಟ್ಟು, ಅವುಗಳಲ್ಲಿನ ಎರಡು ಕಂದನ್ನು ತೆಗೆದರೆ, ಉಳಿಯುವುದು ಐದು ಬಿಳಿ. ಋಣವನ್ನು ಕಳೆದರೆ ಧನವೇಕಾಗುತ್ತದೆಂಬ, ಏಳನೆಯ ತರಗತಿಯ ಮಕ್ಕಳು ಪೀಳಿಗೆಗಳಿಂದ ಕೇಳುತ್ತ ಬಂದಿರುವ ಪ್ರಶ್ನೆಗೆ ಇದಕ್ಕಿಂತ ಪ್ರಾಮಾಣಿಕವಾದ ಉತ್ತರ ಬೇರೆ ಬೇಕಿಲ್ಲ.

ಅದೇ ಬೀಜಗಳಿಂದಲೋ ಕವಡೆಗಳಿಂದಲೋ ಚೌಕಾಬಾರವನ್ನು ಆಡಿಸಬಹುದು. ಇಪ್ಪತ್ತೈದು ಮನೆಗಳ ಈ ಆಟವನ್ನು ಬಾಲ್ಯದಲ್ಲಿ ಆಡದ ಹಿರಿಯರು ಹಳೆಯ ಮೈಸೂರು ಸೀಮೆಯಲ್ಲಿ ಕಡಮೆ. ಆದರೆ ಅದರ ಗರಗಳಲ್ಲಿ ಅಡಗಿರುವ ಸಂಭವನೀಯತೆಯನ್ನು ಯೋಚಿಸಿದವರು ಇನ್ನೂ ಕಡಮೆ. ನಾಲ್ಕು ಕವಡೆಗಳನ್ನು ಎಸೆದಾಗ ಅಂಗಾತ ಬಿದ್ದವು ಎಷ್ಟೋ ಅಷ್ಟು ಗರ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಕವುಚಿ ಬಿದ್ದರೆ ಬಾರ, ಎಂದರೆ ಎಂಟು. ಪ್ರತಿಯೊಂದು ಕವಡೆಯೂ ಎರಡು ಮುಖಗಳಿಗೆ ಸಮನಾಗಿ ಬೀಳುವುದೆಂದು ಭಾವಿಸಿದರೆ ಹದಿನಾರು ಬಗೆಗಳಲ್ಲಿ ಒಂದು ಬರುವುದು ನಾಲ್ಕು ಬಗೆ, ಎರಡು ಆರು ಬಗೆ, ಮೂರು ನಾಲ್ಕು ಬಗೆ, ಚೌಕವೂ ಬಾರವೂ ಒಂದೊಂದೇ ಬಗೆ. ಪ್ರತಿಯೊಂದು ಗುಂಪೂ 80 ಸಲ ಎಸೆದು ಫಲವನ್ನು ಗೆರೆ ಹಾಕಿ ಗುರುತಿಸಿಕೊಳ್ಳಲಿ. ಲೆಕ್ಕದ ಪ್ರಕಾರ ಒಂದು 20 ಸಲ, ಎರಡು 30 ಸಲ, ಮೂರು 20 ಸಲ, ಚೌಕ 5 ಸಲ, ಬಾರ 5 ಸಲ ಬರಬೇಕು. ಹಾಗೆ ಬರುವುದಿಲ್ಲ! ಗುಂಪಿನಿಂದ ಗುಂಪಿಗೆ ವ್ಯತ್ಯಾಸ ಕಾಣುವುದು ಸಹಜ. ಆದರೆ ಎಲ್ಲ ಗುಂಪುಗಳ ಫಲವನ್ನು ಒಟ್ಟುಗೂಡಿಸಿದ ಮೇಲೂ ಅಂತರವು ಒಂದೇ ಕಡೆಗೆ ವಾಲಿದರೆ, ಕವಡೆಯ ಆಕಾರವೇ ಎರಡು ಮುಖಗಳನ್ನೂ ಸಮನಾಗಿ ಕಾಣುತ್ತಿಲ್ಲವೆಂಬ ಅನುಮಾನ ಹುಟ್ಟುತ್ತದೆ. ಹುಣಸೆಬೀಜದಿಂದ ಮತ್ತೆ ಎಸೆದು ಹೋಲಿಸಬೇಕೆಂಬ ಆಸೆ ಹುಟ್ಟುತ್ತದೆ. ಪುಸ್ತಕದಲ್ಲಿನ ನಾಣ್ಯವು ಒಂದು ಆದರ್ಶ, ಕೈಯಲ್ಲಿನ ಕವಡೆಯು ಒಂದು ವಾಸ್ತವ ಎಂಬ ವಿವೇಕವು ಉಪಾಧ್ಯಾಯರಲ್ಲಿ ಮೂಡುತ್ತದೆ. ಅಳಿಗುಳಿಮಣೆಯಲ್ಲಿಯೂ ಇಂತಹ ಸಂಪತ್ತಿದೆ. ಹದಿನಾಲ್ಕು ಗುಳಿಗಳ ಮಣೆಯಲ್ಲಿ ಹದಿನೇಳು ಕಾಳುಗಳನ್ನು ಒಂದೊಂದಾಗಿ ಹಾಕುತ್ತ ಹೋದರೆ ಒಂದು ಸುತ್ತು ಮುಗಿದು ಕೊನೆಯ ಕಾಳು ಹೊರಟ ಗುಳಿಯಿಂದ ಮೂರನೆಯದರಲ್ಲಿ ಬೀಳುತ್ತದೆಂಬುದನ್ನು ನಮ್ಮ ಅಜ್ಜಿಯಂದಿರು ಕಣ್ಣಳತೆಯಿಂದಲೇ ಬಲ್ಲವರಾಗಿದ್ದರು. ಶೇಷದ ಕಲ್ಪನೆಯನ್ನು ಬಿತ್ತುವುದಕ್ಕೆ ಇದಕ್ಕಿಂತ ಹದವಾದ ನೆಲ ಯಾವುದು?

ಪ್ರೌಢಶಾಲೆಯ ಉಪಾಧ್ಯಾಯರಿಗೆ ಸಾಧನೆಯ, ಎಂದರೆ ಪ್ರಮಾಣೀಕರಿಸಿ ತೋರಿಸುವ ಅಭ್ಯಾಸವು ಮುಖ್ಯ. ಅದಕ್ಕೆ ಇಪ್ಪತ್ತೊಂದು ಕಾಳಿನ ಆಟವನ್ನು ಆಡಿಸಬೇಕು. ಇಬ್ಬರು ಆಟಗಾರರು ಸರದಿಯ ಪ್ರಕಾರ ಒಂದು, ಎರಡು ಅಥವಾ ಮೂರು ಕಾಳುಗಳನ್ನು ತೆಗೆಯುತ್ತ ಹೋಗುವರು. ಕೊನೆಯ ಕಾಳನ್ನು ತೆಗೆದವರಿಗೆ ಜಯ. ಮೊದಮೊದಲು ಅದೃಷ್ಟದ ಆಟದಂತೆ ಕಂಡದ್ದು ಕೆಲವು ಸುತ್ತುಗಳಲ್ಲಿಯೇ ಬೇರೆಯಾಗಿ ತೋರುತ್ತದೆ: ಎದುರಾಳಿಯ ಮುಂದೆ ನಾಲ್ಕು ಕಾಳನ್ನು ಉಳಿಸಿದವನು ಗೆಲ್ಲುತ್ತಾನೆ, ಹಾಗಾದರೆ ಎಂಟನ್ನು ಉಳಿಸಿದವನೂ ಗೆಲ್ಲಬೇಕು, ಎದುರಾಳಿ ಎಷ್ಟು ತೆಗೆದರೂ ಅದಕ್ಕೆ ನಾಲ್ಕು ತುಂಬುವಷ್ಟನ್ನು ತಾನು ತೆಗೆಯಬಹುದಲ್ಲವೆ? ಆದುದರಿಂದ ಮೊದಲಿಗನು ಒಂದೇ ಒಂದು ಕಾಳನ್ನು ತೆಗೆದು ಇಪ್ಪತ್ತನ್ನು ಬಿಟ್ಟರೆ ಅವನಿಗೆ ಸೋಲಿಲ್ಲ. ಇಲ್ಲಿಗೆ ನಿಲ್ಲಿಸಿದರೆ ಅರ್ಧ ಕೆಲಸ ಮಾತ್ರ ಆದಂತೆ. ನಾಲ್ಕರವರೆಗೆ ತೆಗೆಯಬಹುದಾದರೆ ಏನಾಗುತ್ತದೆ, ಕೊನೆಯ ಕಾಳನ್ನು ತೆಗೆದವನು ಸೋತನೆಂದು ನಿಯಮವನ್ನು ತಿರುಗಿಸಿದರೆ ಏನಾಗುತ್ತದೆ ಎಂದು ಉಪಾಧ್ಯಾಯರೇ ಪ್ರಶ್ನೆಗಳನ್ನು ಹುಟ್ಟಿಸಬೇಕು. ಊಹೆ, ಪರೀಕ್ಷೆ, ಕಾರಣ ಎಂಬ ಮೂರು ಮೆಟ್ಟಿಲುಗಳನ್ನು ಅವರು ತಾವೇ ಏರಿರಬೇಕು. ಪ್ರಮೇಯವನ್ನು ಬಾಯಿಪಾಠ ಮಾಡಿಸುವ ಅಭ್ಯಾಸದಿಂದ ಬಿಡುಗಡೆ ಹೊಂದಲು ಇದು ಒಳ್ಳೆಯ ಆರಂಭ.

ರೇಖಾಗಣಿತಕ್ಕೆ ಮೊಳೆಹಲಗೆ ಸಾಕು. ರಬ್ಬರ್ ಬ್ಯಾಂಡಿನಿಂದ ಆಕೃತಿಗಳನ್ನು ಮಾಡಿ, ಒಳಗಿನ ಮೊಳೆಗಳನ್ನೂ ಅಂಚಿನ ಮೊಳೆಗಳನ್ನೂ ಎಣಿಸಿ ಕೋಷ್ಟಕ ಬರೆಯುತ್ತ ಹೋದರೆ, ಒಳಗಿನವುಗಳ ಸಂಖ್ಯೆಗೆ ಅಂಚಿನವುಗಳ ಅರ್ಧವನ್ನು ಕೂಡಿಸಿ ಒಂದನ್ನು ಕಳೆದರೆ ವಿಸ್ತೀರ್ಣವೇ ಬರುತ್ತದೆಂಬ, ಗಿಯೋರ್ಗ್ ಪಿಕ್ 1899ರಲ್ಲಿ ಪ್ರಕಟಿಸಿದ ಸುಂದರವಾದ ಪ್ರಮೇಯವನ್ನು ಉಪಾಧ್ಯಾಯರು ತಾವೇ ಊಹಿಸಬಲ್ಲರು. ವೃತ್ತದ ಪಾಠಕ್ಕೆ ಬಳೆ, ಮುಚ್ಚಳ, ಲೋಟಗಳನ್ನು ದಾರದಿಂದ ಅಳೆದು, ಪರಿಧಿಯನ್ನು ವ್ಯಾಸದಿಂದ ಭಾಗಿಸಿ, ಎಲ್ಲ ಮೇಜುಗಳಲ್ಲಿಯೂ ಮೂರಕ್ಕಿಂತ ತುಸು ಹೆಚ್ಚಾದ ಸಂಖ್ಯೆಯೇ ಬರುವುದನ್ನು ಕಂಡ ಮೇಲೆ, ಯಲಹಂಕದವರು ತಮ್ಮ ಊರಿನ ರೈಲುಗಾಲಿ ಕಾರ್ಖಾನೆಯನ್ನು ನೆನೆಯಲಿ. 1984ರಿಂದ ರೈಲ್ವೆಗೆ ಗಾಲಿಗಳನ್ನೂ ಅಚ್ಚುಗಳನ್ನೂ ತಯಾರಿಸುತ್ತಿರುವ ಈ ಕಾರ್ಖಾನೆಯ ಹೆಸರನ್ನು ಕೇಳದ ಮಗು ಆ ಭಾಗದಲ್ಲಿಲ್ಲ. ಸರಕು ಬಂಡಿಯ ಗಾಲಿಯೊಂದರ ವ್ಯಾಸ 1000 ಮಿಲಿಮೀಟರ್ ಎಂದಿಟ್ಟುಕೊಂಡರೆ ಅದರ ಪರಿಧಿಯು ಸುಮಾರು 3142 ಮಿಲಿಮೀಟರ್. ಒಂದು ಕಿಲೋಮೀಟರ್ ಸಾಗಲು ಅದು ಸುಮಾರು 318 ಸಲ ಉರುಳಬೇಕು. ಯಶವಂತಪುರದ ಉಪಾಧ್ಯಾಯರು ಇದೇ ರೀತಿಯಲ್ಲಿ ಎ.ಪಿ.ಎಂ.ಸಿ. ಯಾರ್ಡಿನ ಈರುಳ್ಳಿ ಮೂಟೆಗಳ ತೂಕ, ದರ, ಸಾಗಣೆಗಳಿಂದ ಲೆಕ್ಕಗಳನ್ನು ಕಟ್ಟಬಹುದು. ಹೆಬ್ಬಾಳದವರಿಗೆ ಕೃಷಿ ವಿಶ್ವವಿದ್ಯಾನಿಲಯದ ತಾಕುಗಳಿವೆ, ಕೆರೆಯಿದೆ. ಪಠ್ಯಪುಸ್ತಕದ ಅನಾಮಧೇಯ ಹೊಲಕ್ಕಿಂತ ಮಗು ದಿನವೂ ಹಾದುಹೋಗುವ ಸ್ಥಳದ ಲೆಕ್ಕವು ಬೇಗ ಮನಸ್ಸಿಗೆ ಹತ್ತುತ್ತದೆ.

ಆರಂಭದಲ್ಲಿ ಹೇಳಿದ ಭಿನ್ನರಾಶಿಯ ಭಾಗಾಕಾರಕ್ಕೆ ಒಂದೇ ಉದ್ದದ ಕಾಗದದ ಪಟ್ಟಿಗಳು ಬೇಕು. ಪಟ್ಟಿಯೊಂದನ್ನು ಮಡಿಸಿ ಮುಕ್ಕಾಲನ್ನು ಗುರುತಿಸಿ, ಅದರಲ್ಲಿ ಅರೆಕಾಲು ಎಷ್ಟು ಸಲ ಅಡಗಿದೆಯೆಂದು ಕೇಳಿದರೆ ಆರು ಎಂದು ಎಲ್ಲರೂ ಕಂಡುಹೇಳುವರು. ಇದು ಸುಲಭ. ಅರ್ಧವನ್ನು ಮುಕ್ಕಾಲಿನಿಂದ ಭಾಗಿಸಿರೆಂದಾಗ ಮಾತ್ರ ನಿಜವಾದ ಚಿಂತನೆ ತೊಡಗುತ್ತದೆ. ಅರ್ಧದಲ್ಲಿ ಮುಕ್ಕಾಲು ಒಂದು ಸಲವೂ ಪೂರ್ತಿ ಅಡಗದು. ಎರಡನ್ನೂ ಕಾಲುಗಳಾಗಿ ಮಡಿಸಿ ನೋಡಿದರೆ, ಮುಕ್ಕಾಲಿನ ಮೂರು ತುಂಡುಗಳಲ್ಲಿ ಎರಡು ತುಂಡಿನಷ್ಟು ಅರ್ಧದಲ್ಲಿದೆ. ಆದುದರಿಂದ ಉತ್ತರವು ಮೂರರಲ್ಲಿ ಎರಡು ಭಾಗ. ಹೀಗೆ ಸಮಾನ ಛೇದಕ್ಕೆ ತಂದು ಅಂಶಗಳನ್ನು ಭಾಗಿಸುವುದೇ ತಲೆಕೆಳಗು ಮಾಡಿ ಗುಣಿಸುವ ನಿಯಮದ ಮೂಲವೆಂದು ಉಪಾಧ್ಯಾಯರು ಅಕ್ಷರಗಳಿಂದ ಬರೆದು ತೋರಿಸುವವರೆಗೆ ಈ ಚಟುವಟಿಕೆಯನ್ನು ಮುಗಿಸಕೂಡದು.

ಕೊನೆಯ ಈ ಮಾತು ಎಲ್ಲ ಆಟಗಳಿಗೂ ಅನ್ವಯಿಸುತ್ತದೆ. ಆಟವಾಡಿದ ಕಾಲದ ಎರಡರಷ್ಟು ಕಾಲವನ್ನು ಅದರ ಮೇಲಿನ ಮಾತುಕತೆಗೆ ಮೀಸಲಿಡಬೇಕು. ಆ ಮಾತುಕತೆಯಲ್ಲಿ ವಸ್ತುವಿನಿಂದ ಚಿತ್ರಕ್ಕೆ, ಚಿತ್ರದಿಂದ ಚಿಹ್ನೆಗೆ ಸಾಗಬೇಕು. ಚಿಹ್ನೆಗೆ ಮುಟ್ಟದ ಆಟವು ಮನರಂಜನೆಯಾಗಿ ಉಳಿಯುತ್ತದೆ. ಯಾರು ಬೇಗ ಹೇಳುತ್ತಾರೆಂದು ಪಂದ್ಯ ಕಟ್ಟುವ ಆಟಗಳನ್ನು ನಾನು ತರಬೇತಿಗೆ ಒಪ್ಪುವುದಿಲ್ಲ. ಅವು ಈಗಾಗಲೇ ಬಲ್ಲವರನ್ನು ಮೆರೆಸಿ, ಅರಿಯದವರನ್ನು ಇನ್ನಷ್ಟು ಮೌನಕ್ಕೆ ತಳ್ಳುತ್ತವೆ. ತರಬೇತಿಯು ಒಂದೇ ಉಸಿರಿಗೆ ಐದು ದಿನ ನಡೆದು ಮುಗಿಯುವುದಕ್ಕಿಂತ, ಒಂದು ದಿನ ನಡೆದು, ಉಪಾಧ್ಯಾಯರು ಒಂದೇ ಒಂದು ಚಟುವಟಿಕೆಯನ್ನು ತಮ್ಮ ತರಗತಿಯಲ್ಲಿ ಮಾಡಿ ನೋಡಿ, ಮಕ್ಕಳು ಹೇಳಿದ ಮಾತುಗಳನ್ನು ಬರೆದುಕೊಂಡು ಮುಂದಿನ ಕ್ಲಸ್ಟರ್ ಸಮಾಲೋಚನಾ ಸಭೆಗೆ ತರುವುದು ಹೆಚ್ಚು ಫಲಕಾರಿ. ಮಗುವಿನ ತಪ್ಪು ಉತ್ತರವೊಂದನ್ನು ಮೇಜಿನ ಮೇಲಿಟ್ಟು, ಆ ಉತ್ತರ ಬಂದ ದಾರಿ ಯಾವುದೆಂದು ನಾಲ್ವರು ಕೂಡಿ ಹುಡುಕುವುದು ಯಾವ ಉಪನ್ಯಾಸಕ್ಕಿಂತಲೂ ಮಿಗಿಲಾದ ಶಿಕ್ಷಣ.

ಪಾಠಗಳು ಮುಗಿಯುವುದಿಲ್ಲ, ಪರೀಕ್ಷೆ ಹತ್ತಿರವಾಯಿತು ಎಂಬ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು, ಎಸ್.ಎಸ್.ಎಲ್.ಸಿ. ಫಲಿತಾಂಶದ ಹೊರೆಯನ್ನು ಹೊತ್ತವರಿಗೆ ಅದರ ಭಾರ ಗೊತ್ತು. ಆದರೆ ಋಣಸಂಖ್ಯೆಯನ್ನು ಏಳನೆಯ ತರಗತಿಯಲ್ಲಿ ಅರಿಯದೆ ಬಂದ ಮಗುವಿಗೆ ಎಂಟು, ಒಂಬತ್ತು, ಹತ್ತರಲ್ಲಿ ಅದನ್ನೇ ಮತ್ತೆ ಮತ್ತೆ ಹೇಳುತ್ತ ಕಳೆಯುವ ಕಾಲದ ಲೆಕ್ಕವನ್ನೂ ಹಾಕಬೇಕಷ್ಟೆ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರ ಅಂಗವಾಗಿ ಬಂದ ಗಣಿತಬೋಧನೆಯ ನಿಲುವುಪತ್ರವು ಮಗುವಿನ ಆಲೋಚನೆಯನ್ನೇ ಗಣಿತಮಯವಾಗಿಸುವುದು ಬೋಧನೆಯ ಮುಖ್ಯ ಗುರಿಯೆಂದು ಸಾರಿತು. ಆ ಗುರಿಗೆ ವಾರಕ್ಕೆ ಒಂದು ಅವಧಿಯನ್ನಾದರೂ ಕೊಡದಿದ್ದರೆ ಹೇಗೆ?

ನೆರವು ಬೇಕಾದವರು ದೂರ ಹೋಗಬೇಕಾಗಿಲ್ಲ. ಜಕ್ಕೂರಿನ ಕೇಂದ್ರವು ಶಾಲಾ ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ ಕಾರ್ಯಕ್ರಮಗಳನ್ನು ನಡೆಸುತ್ತ ಬಂದಿದೆ. ಭಾರತೀಯ ವಿಜ್ಞಾನ ಸಂಸ್ಥೆಯು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯ ಆವರಣದಲ್ಲಿ ವಿಜ್ಞಾನ ಮತ್ತು ಗಣಿತದ ಉಪಾಧ್ಯಾಯರಿಗಾಗಿಯೇ ವಸತಿಸಹಿತ ತರಬೇತಿಯನ್ನು ನಡೆಸುತ್ತದೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಹೊರತರುವ 'ಅಟ್ ರೈಟ್ ಆಂಗಲ್ಸ್' ಪತ್ರಿಕೆಯಲ್ಲಿ ತರಗತಿಗೆ ನೇರವಾಗಿ ಒಯ್ಯಬಹುದಾದ ಚಟುವಟಿಕೆಗಳಿವೆ. ಮುಖ್ಯೋಪಾಧ್ಯಾಯರಲ್ಲಿ ನನ್ನದೊಂದು ವಿಜ್ಞಾಪನೆ: ಈ ವಾರವೇ ಗಣಿತದ ಬೀರುವಿನ ಬೀಗವನ್ನು ತೆಗೆಯಿಸಿರಿ, ಅದರ ಕೀಲಿಯನ್ನು ಗಣಿತದ ಉಪಾಧ್ಯಾಯರ ಕೈಗೆ ಕೊಡಿರಿ, ಮತ್ತು ಸಾಮಾನು ಕಳೆದುಹೋದರೆ ಅವರ ಸಂಬಳದಿಂದ ಹಿಡಿಯುವುದಿಲ್ಲವೆಂದು ಬರೆದುಕೊಡಿರಿ.